303ರ ನಕಲು, ನಾಲ್ಕು ಮಳೆಗಾಲದ ನಂತರ

ನನ್ನ ಹತ್ತಿರ ಇರುವುದು ಟಿಬಿ-303 ಅನ್ನುವ ಹಳೆ ಸಿಂತಸೈಜರಿನ, ಅಂದರೆ ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯದ, ಒಂದು ನಕಲು. ಈ ಪೆಟ್ಟಿಗೆಗೆ ನೆನಪಿಲ್ಲ. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ಕೊಳ್ಳುವಾಗ ನನಗೆ ಯಾರೂ ಹೇಳಿರಲಿಲ್ಲ. ನೀವು ಬರೆದ ಸ್ವರಗಳು ಒಳಗೆ ಉಳಿಯುತ್ತವೆ, ಅದು ಸರಿ. ಆದರೆ ಮೇಲಿನ ಆರು ನಾಬ್‌ಗಳನ್ನು ಎಲ್ಲೆಲ್ಲಿಗೆ ತಿರುಗಿಸಿ ಆ ದನಿ ತೆಗೆದಿರಿ ಅನ್ನುವುದು ಎಲ್ಲೂ ಉಳಿಯುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಸಿಕ್ಕ ದನಿ ಬೆಳಗ್ಗೆ ಕಸ ಗುಡಿಸುವಾಗ ಯಾರದೋ ಕೈ ತಾಗಿದರೂ ಹೋಯಿತು. ಒಂದು ಕೂದಲೆಳೆಯಷ್ಟು ಸರಿದರೆ ಸಾಕು.

ಕಂಪನಿ ಹೆಸರು ಬರೆಯುವುದಿಲ್ಲ. ರೋಲ್ಯಾಂಡ್ ಟಿಬಿ-303ರ ನಕಲುಗಳನ್ನು ಈಗ ಹಲವರು ಮಾಡುತ್ತಾರೆ. ನನ್ನದು ಅವುಗಳಲ್ಲಿ ಅಗ್ಗದ್ದು. 2021ರ ಕೊನೆಯಲ್ಲಿ ಬೆಂಗಳೂರಿನ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡೆ, 9,500 ರೂಪಾಯಿ. ಅಸಲಿ 303 ಬೇಕು ಅಂದರೆ ಲಕ್ಷಗಟ್ಟಲೆ ಸುರಿಯಬೇಕು, ಅದನ್ನು 1984ರಲ್ಲೇ ನಿಲ್ಲಿಸಿದ್ದಾರೆ. ಎಷ್ಟು ಪಿನ್, ಎಷ್ಟು ವೋಲ್ಟ್ ಎಲ್ಲ ನೀವು ಈಗಾಗಲೇ ನೋಡಿರುತ್ತೀರಿ, ಅದನ್ನು ಬಿಡುತ್ತೇನೆ.

ನಾನು ಕಾರವಾರದವನು. ಕಾಳಿ ಸೇತುವೆ ದಾಟಿ ಮಾಜಾಳಿ ಕಳೆದರೆ ಗೋವಾ. ಹಗಲು ಕೆಲಸ, ರಾತ್ರಿ ಊಟ ಆದಮೇಲೆ ಎರಡು ಗಂಟೆ ಗೋವಾ ಟ್ರಾನ್ಸ್ ಮಾಡುತ್ತೇನೆ, ಗೋವಾದ ಬೀಚುಗಳಲ್ಲಿ ಹುಟ್ಟಿದ ಎಲೆಕ್ಟ್ರಾನಿಕ್ ಕುಣಿತದ ಸಂಗೀತ. ಅದರಿಂದ ಮುಂದೆ ಬಂದ ಹೊಸ ಸೈಟ್ರಾನ್ಸ್ ಅಲ್ಲ. 90ರ ದಶಕದ್ದು, ಸ್ವರಗಳು ಒಂದರ ಮೇಲೊಂದು ಸುರುಳಿ ಸುತ್ತುತ್ತಾ ಹೋಗುವಂಥದ್ದು. ಕಿಕ್ (ಡ್ರಮ್ಮಿನ ಗುದ್ದು), ಬೇಸ್ ಎಲ್ಲ ಕಂಪ್ಯೂಟರಿನಲ್ಲಿ, ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ. ಆ ಸುರುಳಿ ಮಾತ್ರ ಈ ಪೆಟ್ಟಿಗೆಯದ್ದು.

ಮೊದಲ ವರ್ಷ ಇದರ ಮೇಲೆ ನನಗೆ ಸಿಟ್ಟೇ ಜಾಸ್ತಿ ಇತ್ತು. ಪ್ಯಾಟರ್ನ್, ಅಂದರೆ ಸುತ್ತಿ ಸುತ್ತಿ ಬರುವ ಸ್ವರಗಳ ಸಾಲು, ಬರೆಯುವ ರೀತಿಯೇ ವಿಚಿತ್ರ. ಸ್ವರಗಳನ್ನು ಒಂದು ಸುತ್ತಿನಲ್ಲಿ ಹಾಕಬೇಕು, ಯಾವ ಸ್ವರ ಯಾವ ಹೆಜ್ಜೆಗೆ ಬರಬೇಕು ಅನ್ನುವುದನ್ನು ಬೇರೆ ಸುತ್ತಿನಲ್ಲಿ. ಅಸಲಿ ಯಂತ್ರದಲ್ಲೂ ಹೀಗೇ ಇತ್ತು, ಇವರು ಆ ಕಷ್ಟವನ್ನೂ ಬಿಡದೆ ನಕಲು ಮಾಡಿದ್ದಾರೆ. ಒಂದು ಹೆಜ್ಜೆ ತಪ್ಪಿದರೆ ಮುಂದಿನದೆಲ್ಲ ಜರುಗಿಬಿಡುತ್ತದೆ. ಅದನ್ನು ಕಲಿಯಲು ಎರಡು ತಿಂಗಳು ಹಿಡಿಯಿತು, ಕಲಿತ ಮೇಲೆ ಅದು ಕಷ್ಟ ಅನ್ನಿಸಲಿಲ್ಲ. ನೆನಪಿಲ್ಲದ್ದು ಮಾತ್ರ ಕಲಿತು ಮುಗಿಯುವ ತೊಂದರೆಯಲ್ಲ, ಅದು ಇವತ್ತಿಗೂ ಇದೆ.

ಹಾಗಾಗಿ ಒಂದು ಪುಸ್ತಕ ಇಟ್ಟುಕೊಂಡೆ. ಇನ್ನೂರು ಪುಟದ ಲಾಂಗ್ ನೋಟ್‌ಬುಕ್, ಮಕ್ಕಳು ಶಾಲೆಗೆ ಒಯ್ಯುವಂಥದ್ದು. ದಿನಾ ಕೂರುವ ಮೊದಲು ಪೆಟ್ಟಿಗೆಯನ್ನು ಸ್ಟೀಲ್ ಡಬ್ಬದಿಂದ ತೆಗೆಯುತ್ತೇನೆ. ಡಬ್ಬ ಯಾಕೆಂದರೆ ಇಲ್ಲಿ ಕಡಲ ಗಾಳಿ, ಉಪ್ಪು, ತೇವ. ಹೊರಗಿಟ್ಟ ನಾಬ್ ಒಂದೇ ಮಳೆಗಾಲಕ್ಕೆ ಗರಗರ ಅನ್ನುತ್ತದೆ. ಒಳಗೆ ಔಷಧಿ ಬಾಟಲಿ, ಶೂ ಪೆಟ್ಟಿಗೆಗಳಿಂದ ಕೂಡಿಟ್ಟ ಸಿಲಿಕಾ ಪೊಟ್ಟಣ ಹತ್ತು ಹನ್ನೆರಡು ಇವೆ. ತೆಗೆದ ಮೇಲೆ ಹಳೆ ಪಂಚೆಯ ತುಂಡಿನಿಂದ ಒರೆಸುತ್ತೇನೆ. ಆರೂ ನಾಬ್‌ಗಳನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ಮೂರು ಮೂರು ಸಲ ತಿರುಗಿಸುತ್ತೇನೆ. ಹೀಗೆ ಮಾಡಿದರೆ ಒಳಗೆ ಕೂತ ಧೂಳು ಸ್ವಲ್ಪ ಸರಿಯುತ್ತದೆ, ದನಿ ಸ್ವಚ್ಛ ಬರುತ್ತದೆ. ಆಮೇಲೆ ಪುಸ್ತಕ ತೆರೆದು ನಿನ್ನೆಯ ಪುಟ ನೋಡುತ್ತೇನೆ. ನಾಬ್‌ಗಳನ್ನು ಗಡಿಯಾರದ ಮುಳ್ಳಿನ ಹಾಗೆ ಬರೆದಿರುತ್ತೇನೆ. ಕಟಾಫ್ (ದನಿ ಎಷ್ಟು ತೆರೆದುಕೊಳ್ಳಬೇಕು) ಹತ್ತೂವರೆ, ರೆಸೊನೆನ್ಸ್ (ಎಷ್ಟು ಚೀರಬೇಕು) ಎರಡು ಗಂಟೆ, ಡಿಕೇ (ಎಷ್ಟು ಬೇಗ ಇಳಿಯಬೇಕು) ಒಂಬತ್ತು, ಹೀಗೆ. ಪಕ್ಕದಲ್ಲಿ ಫೋನಿನಲ್ಲಿ ತೆಗೆದ ಫೋಟೋದ ಸಂಖ್ಯೆ.

ಇಷ್ಟೆಲ್ಲ ಮಾಡಿದರೂ ನಿನ್ನೆಯ ದನಿ ಬರುವುದಿಲ್ಲ. ಹತ್ತಿರ ಬರುತ್ತದೆ, ಅದೇ ಬರುವುದಿಲ್ಲ. ರೆಸೊನೆನ್ಸ್ ಏರಿಸಿದಾಗ ಕಟಾಫ್ ಎಳ್ಳಷ್ಟು ಸರಿದರೂ ಆ ಚೀರುವ ತುದಿ ಬೇರೆ ಕಡೆ ಹೋಗಿ ಕೂರುತ್ತದೆ. ಎರಡು ಸಲ ಮಾರಲು ಹೊರಟಿದ್ದೆ. ಒಮ್ಮೆ ಫೋಟೋ ತೆಗೆದು ಬೆಲೆ ಸಹ ಹಾಕಿದ್ದೆ.

ಹಾಗಾದರೆ ಪ್ಲಗಿನ್, ಅಂದರೆ ಕಂಪ್ಯೂಟರಿನಲ್ಲೇ ಇದೇ ದನಿ ಕೊಡುವ ಸಾಫ್ಟ್‌ವೇರ್, ಹಾಕಿಕೊಳ್ಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಪುಕ್ಕಟೆ ಪ್ಲಗಿನ್‌ಗಳೇ ಎಷ್ಟೋ ಇವೆ, ಎಲ್ಲ ನೆನಪಿಡುತ್ತವೆ. ನಾನೂ ಬಳಸಿದ್ದೇನೆ, ಅವುಗಳ ದನಿ ಕೆಟ್ಟದ್ದು ಅಂತ ಹೇಳುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಎಂಟು ನಿಮಿಷದ ಹಾಡು, ನಿಮಿಷಕ್ಕೆ 145 ಬೀಟ್ ವೇಗ. ಅಷ್ಟರಲ್ಲಿ ಒಂದು ಹದಿನಾರು ಹೆಜ್ಜೆಯ ಪ್ಯಾಟರ್ನ್ 290 ಸಲ ಸುತ್ತುತ್ತದೆ. ಸ್ವರಗಳು ಅವವೇ. ಬದಲಾಗುವುದು ಫಿಲ್ಟರ್ ಒಂದೇ, ಕಟಾಫ್ ತಿರುಗಿಸಿದ ಹಾಗೆ ದನಿಯನ್ನು ಮುಚ್ಚಿ ತೆರೆಯುವ ಜರಡಿ. ಅದು ನಿಧಾನಕ್ಕೆ ತೆರೆದುಕೊಂಡರೆ ಕೇಳುವವನು ಅಲ್ಲೇ ನಿಲ್ಲುತ್ತಾನೆ, ಇಲ್ಲದಿದ್ದರೆ ನಲವತ್ತನೇ ಸುತ್ತಿಗೇ ಬೇಜಾರು. ಮೌಸ್ ಹಿಡಿದು ಪರದೆ ಮೇಲೆ ಗೆರೆ ಎಳೆದಾಗ ನಾನು ಯಾವಾಗಲೂ ನೇರ ಗೆರೆಯನ್ನೇ ಎಳೆಯುತ್ತಿದ್ದೆ. ಕೈ ಹಾಗಲ್ಲ. ಕೈ ಕೇಳುತ್ತಾ ಹೋಗುತ್ತದೆ, ಎಲ್ಲೋ ತಡೆಯುತ್ತದೆ, ಒಂದು ಸುತ್ತು ಹಿಂದೆ ಬರುತ್ತದೆ, ಮತ್ತೆ ಮುಂದೆ ಹೋಗುತ್ತದೆ.

ಇದು ನನಗೆ ಹೊಳೆದದ್ದು ಆಯಿಯಿಂದ. ಆಯಿ ಚಿಕ್ಕಂದಿನಲ್ಲಿ ಹಾರ್ಮೋನಿಯಂ ಕಲಿತವಳು. ಒಂದು ರಾತ್ರಿ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿ, ‘ತಮಾ, ಇದು ಬಸಂತ ಮುಖಾರಿ ರಾಗ ಅಲ್ವಾ?’ ಅಂದಳು. ನಾನು ಅಷ್ಟು ದಿನ ಅದನ್ನು ಫ್ರಿಜಿಯನ್ ಡಾಮಿನೆಂಟ್ ಅಂತ ಕರೆಯುತ್ತಿದ್ದೆ, ಗೋವಾ ಟ್ರಾನ್ಸಿನವರು ತುಂಬಾ ಬಳಸುವ ಸ್ಕೇಲ್ ಅದು. ಕೂತು ನೋಡಿದರೆ ಹೌದು, ಅವವೇ ಸ್ವರಗಳು. ಕೆಳಗಿನ ಅರ್ಧ ಭೈರವ, ಮೇಲಿನ ಅರ್ಧ ಭೈರವಿ. ಕರ್ನಾಟಕ ಸಂಗೀತದವರಿಗೆ ವಕುಳಾಭರಣ ಅಂದರೆ ಗೊತ್ತಾಗುತ್ತದೆ. ಸ್ಲೈಡ್ ಗುಂಡಿ ಒತ್ತಿದ ಕಡೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದಲ್ಲ, ಅದನ್ನು ಆಯಿ ಮೀಂಡ್ ಅಂದಳು. ಆಮೇಲೆ ಕೇಳಿದಳು, ‘ನಿನ್ನೆ ಹಾಡಿದ ಹಾಗೇ ಇವತ್ತೂ ಯಾಕೆ ಬರಬೇಕು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಪುಸ್ತಕದ ಪುಟ ನೋಡಿ ಶುರು ಮಾಡುತ್ತೇನೆ, ಆದರೆ ಅದೇ ದನಿ ಬರಲಿ ಅಂತ ಒದ್ದಾಡುವುದನ್ನು ಬಿಟ್ಟೆ. ಕ್ರಮ ಬದಲಾಯಿಸಿದೆ. ಮೊದಲು ಬಿಡಿ ಬಿಡಿಯಾಗಿ ನಾಲ್ಕು ಸುತ್ತು ರೆಕಾರ್ಡ್ ಮಾಡಿ ಕತ್ತರಿಸಿ ಅಂಟಿಸುತ್ತಿದ್ದೆ. ಈಗ ಕಿಕ್ ಬೇಸ್ ಓಡಲು ಬಿಟ್ಟು, ಎರಡೂ ಕೈ ನಾಬ್ ಮೇಲಿಟ್ಟು, ಎಂಟು ನಿಮಿಷ ಒಂದೇ ಟೇಕ್. ಎಡಗೈ ಕಟಾಫ್, ಬಲಗೈ ರೆಸೊನೆನ್ಸ್ ಮತ್ತು ಡಿಕೇ. ಮಧ್ಯೆ ಕರೆಂಟ್ ಹೋದರೆ ಆ ಟೇಕ್ ಹೋದ ಹಾಗೆ. ಮಳೆಗಾಲದಲ್ಲಿ ವಾರಕ್ಕೆ ಎರಡಾದರೂ ಹೀಗೆ ಹೋಗುತ್ತವೆ. ಇನ್ವರ್ಟರ್ ಹಾಕಿಸಲು ಇನ್ನೂ ದುಡ್ಡು ಹೊಂದಿಕೆಯಾಗಿಲ್ಲ.

ಹಂಚಿಕೊಳ್ಳುವ ವಿಷಯ ಹೇಳದಿದ್ದರೆ ಈ ವಿಮರ್ಶೆ ಅರ್ಧ ಆಗುತ್ತದೆ. ಮುಗಿದ ಹಾಡುಗಳನ್ನು ಬ್ಯಾಂಡ್‌ಕ್ಯಾಂಪ್ ಅನ್ನುವ ಹಾಡು ಮಾರುವ ವೆಬ್‌ಸೈಟಿನಲ್ಲಿ ಹಾಕುತ್ತೇನೆ, ಕೊಳ್ಳುವವರು ಇಷ್ಟ ಬಂದಷ್ಟು ಕೊಡಲಿ ಅಂತ. ಅವರು 15% ಇಟ್ಟುಕೊಳ್ಳುತ್ತಾರೆ, ನನಗೆ ಅದು ಜಾಸ್ತಿ ಅನ್ನಿಸಿಲ್ಲ. ಎಂಟು ನಿಮಿಷದ 24 ಬಿಟ್ ವೇವ್ ಫೈಲ್ ಸುಮಾರು 127 ಎಂಬಿ ಆಗುತ್ತದೆ. ರಾತ್ರಿ ಅಪ್‌ಲೋಡಿಗೆ ಹಾಕಿ ಮಲಗಿದರೆ ಬೆಳಗ್ಗೆ ಎದ್ದಾಗ ಹೋಗಿರುತ್ತದೆ. ಇದಕ್ಕಿಂತ ಹೆಚ್ಚು ಖುಷಿ ಕೊಡುವುದು ಗೋವಾದ ಕಾಣಕೋಣದ ಗೆಳೆಯನಿಗೆ ಪೆನ್‌ಡ್ರೈವ್ ಕೊಡುವುದು. ಅವನು ಅಲ್ಲಿನ ಬೀಚುಗಳಲ್ಲಿ ಹಾಡು ಹಾಕುತ್ತಾನೆ. ಶಬ್ದ ಮಾಲಿನ್ಯದ ನಿಯಮ ಬಂದದ್ದು 2000ದಲ್ಲಿ, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಸ್ಪೀಕರ್ ಹಾಕುವ ಹಾಗಿಲ್ಲ. ಊರಿನವರಿಗೂ ನಿದ್ದೆ ಬೇಕು, ಅದನ್ನು ತಪ್ಪು ಅನ್ನುವುದಿಲ್ಲ. ಆದರೂ ಬೆಳಗಿನ ಜಾವಕ್ಕೆ ಅಂತಲೇ ಹುಟ್ಟಿದ ಸಂಗೀತ ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಕೇಳಿಸುತ್ತದಲ್ಲ, ಅದು ನನಗೆ ಬೇಸರವೇ.

2024ರ ಆಗಸ್ಟಿನಲ್ಲಿ, ಕಾಳಿಯ ಹಳೆ ಸೇತುವೆ ಕುಸಿದ ವಾರ, ಆ ಗೆಳೆಯ ಫೋನ್ ಮಾಡಿದ. ‘ಅಣ್ಣಾ, ಆ ಹಾಡಿನ ಶುರು ಒಂದು ನಿಮಿಷ ಉದ್ದ ಬೇಕು, ಐದನೇ ನಿಮಿಷದಲ್ಲಿ ಬರುವ ಆ ದನಿ ಶುರುವಲ್ಲೇ ದೂರದಿಂದ ಕೇಳಬೇಕು’ ಅಂದ. ಅವನು ಕೇಳಿದ್ದರಲ್ಲಿ ಅರ್ಥ ಇತ್ತು. ಗೋವಾದ ಅಂಜುಣ, ವಾಗಾತೋರಿನಲ್ಲಿ ಗೋವಾ ಗಿಲ್ ಅಂಥ ಡಿಜೆಗಳು ವಿನೈಲ್ ತಟ್ಟೆ ಬಿಟ್ಟು ಡ್ಯಾಟ್ ಅನ್ನುವ ಡಿಜಿಟಲ್ ಟೇಪ್ ಬಳಸುತ್ತಿದ್ದರು, ಬಿಸಿಲಿಗೆ ವಿನೈಲ್ ಸೊಟ್ಟಗಾಗುತ್ತಿತ್ತು. ಡ್ಯಾಟ್‌ನಲ್ಲಿ ವೇಗ ಹೊಂದಿಸಿ ಎರಡು ಹಾಡು ಬೆಸೆಯಲು ಆಗುತ್ತಿರಲಿಲ್ಲ. ಅದಕ್ಕೇ ಹಳೆ ಹಾಡುಗಳಿಗೆ ಕಿಕ್ ಇಲ್ಲದ ಉದ್ದನೆಯ ಶುರು ಮತ್ತು ಕೊನೆ ಇರುತ್ತವೆ, ಒಂದರ ಬಾಲದ ಮೇಲೆ ಇನ್ನೊಂದು ಬಂದು ಕೂರಲಿ ಅಂತ.

ಆದರೆ ಆ ದನಿ ನನ್ನ ಹತ್ತಿರ ಇರಲಿಲ್ಲ. ಟೇಕ್ ಇತ್ತು, ಅದರಲ್ಲಿ ಕಟಾಫ್ ಆಗಲೇ ಮೇಲೆ ಹೋಗಿತ್ತು. ಪುಟ ತೆಗೆದೆ, ಫೋಟೋ ತೆಗೆದೆ, ಗಡಿಯಾರದ ಲೆಕ್ಕದಲ್ಲಿ ಎಲ್ಲ ಇಟ್ಟೆ. ಬರಲಿಲ್ಲ. ಹೊರಗೆ ಮಳೆ, ಹಂಚಿನ ಮೇಲೆ ಒಂದೇ ಸಮ ಬೀಳುತ್ತಿತ್ತು. ಮೂರು ರಾತ್ರಿ, ಹನ್ನೊಂದು ಟೇಕ್. ಹನ್ನೊಂದನೆಯದರಲ್ಲಿ ಬಂದದ್ದು ಅವನು ಕೇಳಿದ ದನಿ ಅಲ್ಲ, ಬೇರೆಯದು, ಸ್ವಲ್ಪ ಒರಟು, ಗಂಟಲು ಕಟ್ಟಿದವರು ಹಾಡಿದ ಹಾಗೆ. ಅದನ್ನೇ ಕಳಿಸಿದೆ. ಅವನು ಎರಡು ದಿನ ಏನೂ ಹೇಳಲಿಲ್ಲ. ಆಮೇಲೆ ‘ಹಳೆಯದನ್ನು ಅಳಿಸಿದೆ, ಇದನ್ನೇ ಇಟ್ಟುಕೊಂಡೆ’ ಅಂತ ಮೆಸೇಜ್ ಹಾಕಿದ. ನನಗೆ ಈಗಲೂ ಹಳೆಯದೇ ಜಾಸ್ತಿ ಇಷ್ಟ. ಅದು ಮತ್ತೆ ಬರುವುದಿಲ್ಲ ಅನ್ನುವುದೂ ಗೊತ್ತು.

ಪುಸ್ತಕ ಇನ್ನೊಂದು ಕಡೆ ಉಪಯೋಗಕ್ಕೆ ಬಂತು. ಹಾಡುಗಳನ್ನು ಆ್ಯಪ್‌ಗಳಿಗೆ ತಲುಪಿಸುವ ಒಂದು ಕಂಪನಿ, ನನ್ನ ಹಾಡು ಬೇರೆಯವರದ್ದು ಇರಬಹುದು ಎಂದು ತಡೆಹಿಡಿಯಿತು. ನನ್ನದೇ ಅನ್ನಲು ಆಧಾರ ಕೊಡಿ ಅಂದರು. ಮೂಲ ಟೇಕ್‌ಗಳನ್ನೆಲ್ಲ ಕಳಿಸಿದೆ, ಜೊತೆಗೆ ಪುಸ್ತಕದ ಆರು ಪುಟಗಳ ಫೋಟೋ, ದಿನಾಂಕ ಸಮೇತ. 19 ದಿನದ ಮೇಲೆ ಬಿಟ್ಟರು, ಒಂದು ಕ್ಷಮೆಯ ಸಾಲು ಬರೆಯಲಿಲ್ಲ. ಒಬ್ಬನೇ ಮನೆಯಲ್ಲಿ ಕೂತು ಹಾಡು ಮಾಡುವವರು ದಯವಿಟ್ಟು ಕಚ್ಚಾ ಟೇಕ್ ಯಾವುದನ್ನೂ ಅಳಿಸಬೇಡಿ.

ಇನ್ನೊಂದು ಮಾತು. ಅಸಲಿ 303 ಮೊದಲು ಮಾಡಿದ್ದು ಬೇಸ್ ನುಡಿಸುವವರಿಲ್ಲದೆ ಅಭ್ಯಾಸ ಮಾಡುವ ಗಿಟಾರಿನವರಿಗಾಗಿ. ಆ ಕೆಲಸಕ್ಕೆ ಅದು ಹೊಂದಲಿಲ್ಲ. ಶಿಕಾಗೋದ ಹುಡುಗರು ಸೆಕೆಂಡ್ ಹ್ಯಾಂಡ್ ಕೊಂಡು ನಾಬ್ ತಿರುಗಿಸಿ ಆ್ಯಸಿಡ್ ಅನ್ನುವ ಸಂಗೀತ ಮಾಡಿದರು, 1987ರ ಹೊತ್ತಿಗೆ. ಅದಕ್ಕಿಂತ ಮೊದಲೇ, 1982ರಲ್ಲಿ, ಮುಂಬೈಯ ಚರಣ್‌ಜಿತ್ ಸಿಂಗ್ ಇದನ್ನೂ ಬಳಸಿ ಹತ್ತು ರಾಗ ನುಡಿಸಿ ರೆಕಾರ್ಡ್ ಮಾಡಿದ್ದರು. ಆಗ ಅದನ್ನು ಕೇಳಿದವರು ಕಡಿಮೆ. ಆಯಿಗೆ ಅದನ್ನು ಕೇಳಿಸಿದೆ, ಭೈರವ ಬಂದಾಗ ಕಣ್ಣು ಮುಚ್ಚಿ ತಾಳ ಹಾಕಿದಳು.

ಯಾರು ಕೊಳ್ಳಬೇಕು? ನಿಮಗೆ ಬೇರೆಯವರ ಹಾಡಿಗೆ ದನಿ ಮಾಡಿಕೊಡುವ ಕೆಲಸ ಇದ್ದರೆ, ಅವರು ವಾರದ ಮೇಲೆ ಬಂದು ಅದೇ ದನಿ ಒಂಚೂರು ಬದಲಿಸಿ ಕೊಡಿ ಅನ್ನುತ್ತಾರೆ ಅಂತಾದರೆ, ಖಂಡಿತ ಬೇಡ, ಪ್ಲಗಿನ್ ಬಳಸಿ. ತಿಂಗಳಿಗೊಂದು ಹಾಡು ಮುಗಿಸಲೇಬೇಕು ಅನ್ನುವವರಿಗೂ ಬೇಡ. ನನ್ನ ಹಾಗೆ ವರ್ಷಕ್ಕೆ ನಾಲ್ಕೈದು ಹಾಡು ಸಾಕು ಅನ್ನುವವರು, ಹತ್ತು ಸಾವಿರದೊಳಗೆ ಸಿಕ್ಕರೆ ಯೋಚನೆ ಮಾಡದೆ ತಗೊಳ್ಳಿ. ಕೊಳ್ಳುವಾಗ ಆರೂ ನಾಬ್‌ಗಳನ್ನು ತಿರುಗಿಸಿ ಕೇಳಿ, ಕರಾವಳಿಯಲ್ಲಿದ್ದ ಪೆಟ್ಟಿಗೆಯಾದರೆ ಎರಡು ಸಲ ಕೇಳಿ.

ನನ್ನದರ ಕಟಾಫ್ ನಾಬ್ ಈ ಮಳೆಗಾಲದಲ್ಲಿ ಹನ್ನೊಂದು ಗಂಟೆಯ ಜಾಗದಲ್ಲಿ ಕೈ ಕೊಟ್ಟಿದೆ. ಅಲ್ಲಿಗೆ ಬಂದಾಗ ಚರ್ ಅಂದು ಒಂದು ಕ್ಷಣ ದನಿ ನಿಂತುಹೋಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ, ಹೋಗಲಿಲ್ಲ. ನಾಬ್ ಕೆಳಗೆ ಒಳಗಿರುವ ಪಾಟ್ ಅನ್ನುವ ಭಾಗ ಬದಲಿಸಬೇಕಂತೆ, ರೇಡಿಯೋ ರಿಪೇರಿಯವರು ದೀಪಾವಳಿ ಆದಮೇಲೆ ತನ್ನಿ ಅಂದಿದ್ದಾರೆ. ಅಲ್ಲಿಯವರೆಗೆ ಹನ್ನೊಂದಕ್ಕೆ ಬಂದಾಗ ಬೇಗ ದಾಟಿಸುತ್ತಿದ್ದೇನೆ. ನಿನ್ನೆಯ ಟೇಕ್‌ನಲ್ಲಿ ಆ ಚರ್ ಎರಡು ಸಲ ಬಂದಿದೆ, ಒಂದನ್ನು ತೆಗೆದೆ, ಇನ್ನೊಂದನ್ನು ಬಿಟ್ಟಿದ್ದೇನೆ.