ಪಾಲಕ್ಕೋ ಸ್ಪಿನಾಚೋ? ಹತ್ತು ಚೀಲ, ಒಂದು ಚಳಿಗಾಲ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ನಮ್ಮ ಪಾಲಕ್‌ಗೇ. ಬೀಜದಂಗಡಿಯಲ್ಲಿ 30 ರೂಪಾಯಿಗೆ ಸಿಗುವ 'ಆಲ್ ಗ್ರೀನ್' ಪೊಟ್ಟಣದ ಪಾಲಕ್. ಹಾಗಿದ್ದರೂ ಈ ಚಳಿಗಾಲ ತಾರಸಿಯ ಮೇಲಿನ ಮಣ್ಣು ತುಂಬಿದ ಚೀಲಗಳಲ್ಲಿ ಮೂರು ಥರ ಹಾಕಿ ನೋಡಿದೆ. ಬೇಕು ಅಂತ ಶುರು ಮಾಡಿದ್ದಲ್ಲ, ಪೆದ್ದುತನದಿಂದ ಶುರುವಾಗಿದ್ದು.

ಸೆಪ್ಟೆಂಬರ್ ಕೊನೆಗೆ ಆನ್‌ಲೈನಲ್ಲಿ ಬೀಜ ತರಿಸಿದೆ. ಪೊಟ್ಟಣದ ಮೇಲೆ 'ಸ್ಪಿನಾಚ್' ಎಂದಿತ್ತು, ಹಸಿರು ಎಲೆಯ ಚಿತ್ರವಿತ್ತು. 190 ರೂಪಾಯಿ. ಬೆಲೆ ನೋಡಿಯಾದರೂ ಅನುಮಾನ ಬರಬೇಕಿತ್ತು, ಅಲ್ವಾ? ಒಡೆದು ಅಂಗೈಗೆ ಸುರಿದುಕೊಂಡರೆ ಬೀಜ ಬೇರೆ ಥರ. ಪಾಲಕ್ ಬೀಜ ಗಂಟುಗಂಟಾಗಿ, ಹಗುರವಾಗಿ, ಬೆಂಡಿನ ಚೂರಿನ ಹಾಗಿರುತ್ತದೆ. ಇದು ದುಂಡಗೆ, ನುಣ್ಣಗೆ, ಬಣ್ಣ ಮಾಸಿದ ಕೊತ್ತಂಬರಿ ಬೀಜದ ತಮ್ಮನ ಹಾಗಿತ್ತು. ಎಣಿಸಿದೆ. 62.

ನಾವು ಪಾಲಕ್ ಅನ್ನುವುದು ಬೀಟ್‌ರೂಟಿನ ಜಾತಿಯದೇ ಗಿಡ. ಗಡ್ಡೆಗಲ್ಲ, ಎಲೆಗೆ ಬೆಳೆಸುವ ಬೀಟ್. ಚಳಿ ದೇಶದವರ ಸ್ಪಿನಾಚ್ ಬೇರೆಯೇ ಗಿಡ, ದೂರದ ದಾಯಾದಿ. ನಮ್ಮಲ್ಲಿ ಪೊಟ್ಟಣದ ಮೇಲೆ ಎರಡಕ್ಕೂ ಅದೇ ಇಂಗ್ಲಿಷ್ ಹೆಸರು ಹಾಕಿಬಿಡುತ್ತಾರೆ, ಅದೇ ತಾಪತ್ರಯ. ಮೊಳಕೆ ಬಂದ ಮೇಲೆ ಗುರುತು ಸುಲಭ. ಸ್ಪಿನಾಚಿನ ಮೊದಲ ಎರಡು ಎಲೆ ಹುಲ್ಲಿನ ಎಸಳಿನಂತೆ ಉದ್ದ, ಸಪೂರ. ಪಾಲಕ್‌ದು ಗಿಡ್ಡ, ಸ್ವಲ್ಪ ಅಗಲ.

ಆದರೆ ಮೊಳಕೆ ಬರಬೇಕಲ್ಲ!

ದಸರಾ ಮುಗಿದ ವಾರ ಎರಡನ್ನೂ ಒಂದೇ ದಿನ ಹಾಕಿದೆ. ಒಂದೇ ಮಣ್ಣು, ಒಂದೇ ಎರೆಗೊಬ್ಬರ. ಪಾಲಕ್ ಆರನೇ ದಿನಕ್ಕೆ ತಲೆ ಎತ್ತಿತು. ಸ್ಪಿನಾಚ್ 20 ಬೀಜ ಹಾಕಿದ್ದೆ, ಹದಿನೈದು ದಿನಕ್ಕೆ ಬಂದಿದ್ದು ಮೂರು. ನೀರು ಕಮ್ಮಿಯಾಯಿತೇನೋ ಅಂತ ಬೆಳಿಗ್ಗೆ ಸಂಜೆ ಸುರಿದೆ. ಅದೇ ತಪ್ಪು. ಮಣ್ಣು ಪಚಪಚ ಅನ್ನುವಷ್ಟು ಒದ್ದೆಯಾದರೆ ಈ ಬೀಜಕ್ಕೆ ಉಸಿರು ಕಟ್ಟುತ್ತದೆ. ಮೂರರಲ್ಲಿ ಎರಡು ಸಸಿ ಬುಡ ಕೊಳೆತು ಮಲಗಿದವು.

ಇನ್ನೊಂದು 20 ಬೀಜ ರಾತ್ರಿಯಿಡೀ ನೆನೆಹಾಕಿ ಬಿತ್ತಿದೆ. ಐದು ಬಂದವು. ಆಗ ಸಿಟ್ಟು ಬಂದು, ಮಧ್ಯಾಹ್ನ ಎರಡು ಗಂಟೆಗೆ ಚೀಲದ ಮಣ್ಣಿಗೆ ಥರ್ಮಾಮೀಟರ್ ಚುಚ್ಚಿ ನೋಡಿದೆ. 34 ಡಿಗ್ರಿ! ಬೆಂಗಳೂರಿನ ಗಾಳಿ ತಣ್ಣಗಿದ್ದರೂ ತಾರಸಿಯ ಮೇಲಿನ ಚೀಲ ಒಲೆ ಪಕ್ಕದ ಪಾತ್ರೆ ಇದ್ದ ಹಾಗೆ. 30 ದಾಟಿದರೆ ಸ್ಪಿನಾಚ್ ಸರಿಯಾಗಿ ಮೊಳೆಯುವುದೇ ಇಲ್ಲ. ಅದಕ್ಕೆ ಹಿತವಾದದ್ದು ಹತ್ತರಿಂದ ಇಪ್ಪತ್ತು ಡಿಗ್ರಿ. ಹಾಗಾದರೆ ನಮ್ಮ ಮನೆಯಲ್ಲಿ ಅದಕ್ಕೆ ಇರುವುದು ಒಂದೇ ಜಾಗ, ಫ್ರಿಜ್.

ಉಳಿದ 22 ಬೀಜವನ್ನು ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಗೆ ಹಾಕಿ ಕೆಳಗಿನ ತಟ್ಟೆಯಲ್ಲಿಟ್ಟೆ. ನಾಲ್ಕನೇ ದಿನ ಅತ್ತೆ ಡಬ್ಬಿ ಹಿಡಿದುಕೊಂಡು ಬಂದರು. "ಏನಮ್ಮ ಇದು, ಕೊತ್ತಂಬರಿ ಬೀಜ ಬೂಷ್ಟು ಹಿಡಿದಿದೆ, ಎಸೆದುಬಿಡಲಾ?" ಬಿಡಿಸಿ ನೋಡಿದರೆ ಬೂಷ್ಟಲ್ಲ, ಸೂಜಿ ಮೊನೆಯಷ್ಟು ಬಿಳಿ ಬೇರು. ಇನ್ನೆರಡು ದಿನ ಬಿಟ್ಟು, ಸಂಜೆ ಹೊತ್ತಲ್ಲಿ ಅರ್ಧ ಇಂಚು ಆಳಕ್ಕೆ ಒಂದೊಂದೇ ಊರಿದೆ. ಚೀಲವನ್ನು ನೀರಿನ ಟ್ಯಾಂಕಿನ ನೆರಳಿಗೆ ಎಳೆದು, ಮೇಲೆ ಒದ್ದೆ ಗೋಣಿ ತಾಟು ಮುಚ್ಚಿದೆ. ಮೊಳಕೆ ಕಂಡ ದಿನವೇ ತಾಟು ತೆಗೆದೆ. 22ರಲ್ಲಿ 17 ಬಂದವು. ಆಗಲೇ ನವೆಂಬರ್ ಅರ್ಧ ಕಳೆದಿತ್ತು.

ಆ ಹೊತ್ತಿಗೆ ಪಾಲಕ್ ಒಂದು ಸಲ ಕೊಯ್ದು ಸಾರು ಮಾಡಿ ಆಗಿತ್ತು.

ಪಾಲಕ್‌ನಲ್ಲೂ ಒಂದು ಕಿರಿಕಿರಿ ಇದೆ, ಚಿಕ್ಕದು. ಒಂದು ಬೀಜದ ಗಂಟಿನಿಂದ ಎರಡು ಮೂರು ಸಸಿ ಏಳುತ್ತವೆ. ಕನಿಕರ ತೋರಿಸಿ ಎಲ್ಲವನ್ನೂ ಬಿಟ್ಟರೆ ಯಾವುದೂ ದಪ್ಪ ಆಗಲ್ಲ. ಹೆಚ್ಚಾದದ್ದನ್ನು ಕತ್ತರಿಯಲ್ಲಿ ಕತ್ತರಿಸಿ ಮೊಸರು ಬಜ್ಜಿಗೆ ಹಾಕಿದೆ. ಬೀಜಕ್ಕೆ ಗುಲಾಬಿ ಬಣ್ಣ ಬಳಿದಿದ್ದರೆ ಅದು ಔಷಧಿ ಹಚ್ಚಿದ್ದು, ಅಡುಗೆ ಲೋಟದಲ್ಲಿ ಮಾತ್ರ ನೆನೆಹಾಕಬೇಡಿ. ಹೋದ ವರ್ಷ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ 'ಅರ್ಕಾ ಅನುಪಮ' ಹಾಕಿದ್ದೆ, ಅದೂ ಚೆನ್ನಾಗಿಯೇ ಬಂದಿತ್ತು.

ಮೂರನೆಯದು ಪುಕ್ಕಟೆ ದಾರಿ. ಸೊಪ್ಪಿನವರ ಹತ್ತಿರ ತಂದ ಕಟ್ಟಿನಲ್ಲಿ ಬೇರು ಇರುತ್ತಲ್ಲ, ಎಲೆ ಕತ್ತರಿಸಿಕೊಂಡು ಅದನ್ನೇ ನೆಡುವುದು. ಎಂಟು ನೆಟ್ಟೆ. ಐದು ಬದುಕಿದವು, ಎರಡು ಹಿಡಿ ಎಲೆ ಕೊಟ್ಟವು, ಆಮೇಲೆ ನೆಟ್ಟಗೆ ದಂಟು ಎದ್ದು ಹೂವಿಗೆ ಬಂದವು. ಬೀಜ ತರಲು ಸೋಮಾರಿತನವಾದರೆ ಸರಿ.

ಕೊಯ್ಲಿನ ಲೆಕ್ಕಕ್ಕೆ ಬರೋಣ. ಪಾಲಕ್ ಮೊದಲ ಕೊಯ್ಲು 34ನೇ ದಿನ. ಬುಡದಿಂದ ಎರಡು ಬೆರಳು ಬಿಟ್ಟು ಕತ್ತರಿಸಿ, ಒಂದು ಹಿಡಿ ಎರೆಗೊಬ್ಬರ ಉದುರಿಸಿದರೆ ಹದಿನೈದು ಇಪ್ಪತ್ತು ದಿನಕ್ಕೆ ಮತ್ತೆ ರೆಡಿ. ಫೆಬ್ರವರಿ ಕೊನೆಯವರೆಗೆ ಆರು ಕೊಯ್ಲು ಸಿಕ್ಕಿತು. ಸ್ಪಿನಾಚಿನಲ್ಲಿ ಸುತ್ತಲಿನ ಎಲೆ ಮಾತ್ರ ಕೀಳುತ್ತಾ ಹೋದೆ. ಜನವರಿಯಲ್ಲಿ ಮೂರು ಸಲ, ಪ್ರತಿ ಸಲ ಒಂದು ಬಟ್ಟಲು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅಂತಾರೆ. ಸ್ಪಿನಾಚ್ ಅಷ್ಟು ದಿನವೂ ಕಾಯಲಿಲ್ಲ. ಬಿಸಿಲು ಸ್ವಲ್ಪ ಚುರುಕಾಗುತ್ತಲೇ ಎಲೆ ಬಾಣದ ತುದಿಯ ಹಾಗೆ ಚೂಪಾಯಿತು, ನಡುವಿನಿಂದ ದಂಟು ಎದ್ದಿತು. ಅದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಕೆಲವನ್ನು ಮುಟ್ಟಿದರೆ ಬೆರಳಿಗೆ ಹಳದಿ ಪುಡಿ ಹತ್ತುತ್ತಿತ್ತು.

ಎಲೆಯೊಳಗೆ ಬಿಳಿ ಗೀಚು ಗೀಚುವ ಹುಳ ಎರಡಕ್ಕೂ ಬಂತು. ಆ ಎಲೆ ಕಿತ್ತು ಎಸೆದೆ, ಅಷ್ಟೇ.

ರುಚಿಯಲ್ಲಿ ಸ್ಪಿನಾಚ್‌ಗೆ ಅನ್ಯಾಯ ಮಾಡಬಾರದು. ಹಸಿಯಾಗಿ ತಿನ್ನಲು ಅದೇ ಮೇಲು. ಎಲೆ ಮೆತ್ತಗೆ, ಕೊನೆಯಲ್ಲಿ ಸಣ್ಣ ಸಿಹಿ. ಮಗಳು ಗಿಡದ ಪಕ್ಕ ನಿಂತುಕೊಂಡೇ ತಿಂದಳು. ಆದರೆ ಬೇಯಿಸಿದರೆ ಒಂದು ಬಟ್ಟಲು ಎಲೆ ಒಂದು ಚಮಚಕ್ಕೆ ಇಳಿಯುತ್ತದೆ. ನಮ್ಮ ಮನೆಯಲ್ಲಿ ಸೊಪ್ಪು ಅಂದರೆ ಮಸ್ಸೊಪ್ಪು, ತೊಗರಿಬೇಳೆ ಸಾರು, ವಾರಕ್ಕೊಮ್ಮೆ ಪಾಲಕ್ ಪನೀರ್. ಐದು ಜನಕ್ಕೆ ಚಮಚ ಹಿಡಿದು ಏನು ಮಾಡುವುದು? ಪಾಲಕ್ ಬೆಂದ ಮೇಲೂ ಪಾತ್ರೆಯಲ್ಲಿ ಕಾಣುತ್ತದೆ.

ಊಟಿಯಲ್ಲೋ ಕೊಡೈಕೆನಾಲಲ್ಲೋ ಮನೆ ಇದ್ದಿದ್ದರೆ, ಅಥವಾ ದಿನಾ ಸಲಾಡ್ ತಿನ್ನುವ ಅಭ್ಯಾಸ ಇದ್ದಿದ್ದರೆ ಬೇರೆ ಮಾತು. ನನ್ನ ಹತ್ತಿರ ಇರುವುದು ಹತ್ತು ಚೀಲ, ನೀರು ಹಾಕಲು ಬೆಳಿಗ್ಗೆ ಹತ್ತು ನಿಮಿಷ. ಮುಂದಿನ ಕಾರ್ತಿಕಕ್ಕೆ ಎಂಟು ಚೀಲ ಪಾಲಕ್, ಒಂದು ಬಸಳೆಗೆ, ಅದು ಈಗಲೇ ಕಂಬಿ ಹಿಡಿದು ಹತ್ತಿದೆ. ಹತ್ತನೆಯದನ್ನು ಮಗಳು ಸ್ಪಿನಾಚ್‌ಗೆ ಬೇಕು ಅಂತ ಹಿಡಿದಿಟ್ಟಿದ್ದಾಳೆ. 190 ರೂಪಾಯಲ್ಲಿ ಅರ್ಧ ತನ್ನ ಹುಂಡಿಯಿಂದ ಕೊಡುತ್ತಾಳಂತೆ.