ಮ್ಯೂನಿಕ್‌ನಲ್ಲಿ ರಾಡ್ಲರ್ ಕೇಳುವ ಮುನ್ನ ಇದನ್ನು ಓದಿ

ಮಕ್ಕಳನ್ನು ನೋಡಲು ಊರಿನಿಂದ ಮ್ಯೂನಿಕ್‌ಗೆ ಬರುವ ಹಿರಿಯರಿಗೆ ಬೇಸಿಗೆಯಲ್ಲಿ ಮತ್ತೆ ಮತ್ತೆ ಆಗುತ್ತಿರುವ ಎಡವಟ್ಟು ಇದು. ಬಿಯರ್ ಗಾರ್ಡನ್‌ನಲ್ಲಿ ಕೂರುತ್ತಾರೆ, ಮೆನುವಿನಲ್ಲಿ ರಾಡ್ಲರ್ ಕಾಣುತ್ತದೆ. ನಮ್ಮ ಕಡೆ 2018ರಿಂದ ಸಿಗುತ್ತಿರುವ ಕಿಂಗ್‌ಫಿಶರ್ ರಾಡ್ಲರ್‌ನಲ್ಲಿ ಆಲ್ಕೋಹಾಲ್ ಇರುವುದಿಲ್ಲ. ಇದೂ ಅದೇ ಇರಬೇಕು ಅಂದುಕೊಂಡು ಧೈರ್ಯವಾಗಿ ಒಂದು ಹೇಳುತ್ತಾರೆ. ತಣ್ಣಗೆ, ನಿಂಬೆಯ ಸಿಹಿಯಾಗಿ ಇರುವುದರಿಂದ ಅರ್ಧ ಮಗ್ಗು ಖಾಲಿಯಾದರೂ ಅನುಮಾನ ಬರುವುದಿಲ್ಲ. ಆಮೇಲೆ ಮುಖ ಬಿಸಿಯಾಗುತ್ತದೆ, ಎದ್ದು ನಿಂತರೆ ತಲೆ ತಿರುಗುತ್ತದೆ. ಜೀವಮಾನದಲ್ಲಿ ಒಂದು ಹನಿ ಮುಟ್ಟದವರು ಇದರಿಂದ ಎಷ್ಟು ನೊಂದುಕೊಳ್ಳುತ್ತಾರೆ ಎಂಬುದನ್ನು ಕಂಡೇ ಇದನ್ನು ಬರೆಯುತ್ತಿದ್ದೇವೆ. ತಂದುಕೊಟ್ಟವರದ್ದು ತಪ್ಪಿಲ್ಲ, ಕೇಳಿದ್ದನ್ನೇ ಕೊಟ್ಟಿರುತ್ತಾರೆ.

ಜರ್ಮನಿಯಲ್ಲಿ ರಾಡ್ಲರ್ ಎಂದರೆ ಅರ್ಧ ಬಿಯರ್, ಅರ್ಧ ನಿಂಬೆ ಸೋಡಾ. ಆಲ್ಕೋಹಾಲ್ ಸುಮಾರು ಶೇ 2.5. ಕೇಳಲು ಕಡಿಮೆ ಅನ್ನಿಸುತ್ತದೆ, ಆದರೆ ಬಿಯರ್ ಗಾರ್ಡನ್‌ನಲ್ಲಿ ಅದು ಹೆಚ್ಚಾಗಿ ಬರುವುದು ‘ಮಾಸ್’ ಅಳತೆಯಲ್ಲಿ, ಅಂದರೆ ಒಂದು ಲೀಟರ್. ಲೆಕ್ಕ ಹಾಕಿ: ಒಂದು ಲೀಟರಿನಲ್ಲಿ 25 ಮಿಲಿ ಶುದ್ಧ ಆಲ್ಕೋಹಾಲ್. ನಮ್ಮಲ್ಲಿ ಸಿಗುವ ಶೇ 42.8ರ ವಿಸ್ಕಿಯ 30 ಮಿಲಿ ಪೆಗ್ಗಿನಲ್ಲಿ ಇರುವುದು ಸುಮಾರು 13 ಮಿಲಿ. ಹಾಗಾಗಿ ಒಂದು ಮಾಸ್ ರಾಡ್ಲರ್ ಕುಡಿದರೆ ಎರಡು ಪೆಗ್ ಒಳಗೆ ಹೋದಂತೆ. ‘ರುಸ್ಸ್’ ಎಂದು ಬರೆದಿದ್ದರೂ ಇದೇ ಕಥೆ, ಗೋಧಿ ಬಿಯರಿಗೆ ನಿಂಬೆ ಸೋಡಾ ಬೆರೆಸಿರುತ್ತಾರೆ.

ಆಲ್ಕೋಹಾಲ್ ಇಲ್ಲದ ರಾಡ್ಲರ್ ಬೇಕಾದರೆ ‘ರಾಡ್ಲರ್ ಆಲ್ಕೊಹೋಲ್‌ಫ್ರೈ’ ಎಂದು ಪೂರ್ತಿ ಹೇಳಿ. ಗದ್ದಲದಲ್ಲಿ ಎರಡನೆಯ ಪದ ಕೇಳಿಸದೆ ಹೋಗುವುದು ಸಾಮಾನ್ಯ. ಆದ್ದರಿಂದ ‘ಆಲ್ಕೊಹೋಲ್‌ಫ್ರೈ’ ಎಂಬುದನ್ನೇ ಮೊದಲು ಹೇಳಿ, ಆಮೇಲೆ ಪಾನೀಯದ ಹೆಸರು ಹೇಳಿ, ಕೊನೆಗೆ ಬಾಟಲಿಯನ್ನೂ ಮೇಜಿಗೆ ತರಲು ಕೇಳಿ. ಆಲ್ಕೋಹಾಲ್ ರಹಿತ ಬಿಯರನ್ನು ನಲ್ಲಿಯಿಂದ ಬಿಡುವುದಕ್ಕಿಂತ ಬಾಟಲಿಯಲ್ಲಿ ಕೊಡುವುದೇ ಹೆಚ್ಚು. ಗ್ಲಾಸಿಗೆ ಸುರಿದ ಮೇಲೆ ಬಣ್ಣ, ನೊರೆ ನೋಡಿ ಯಾರೂ ವ್ಯತ್ಯಾಸ ಹೇಳಲಾರರು. ಬಾಟಲಿಯ ಲೇಬಲ್ ಮಾತ್ರವೇ ಸಾಕ್ಷಿ.

ಆ ಲೇಬಲ್ಲಿನಲ್ಲೂ ಒಂದು ಸೂಕ್ಷ್ಮವಿದೆ. ‘ಆಲ್ಕೊಹೋಲ್‌ಫ್ರೈ’ ಎಂದಿದ್ದರೆ ಶೇ 0.5ರವರೆಗೆ ಇರಬಹುದು. ಸ್ವಲ್ಪವೂ ಬೇಡ ಎನ್ನುವವರು 0,0 ಎಂದು ಅಚ್ಚಾಗಿರುವುದನ್ನೇ ಹುಡುಕಬೇಕು (ಅಲ್ಲಿ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ). ಯುರೋಪಿನ ನಿಯಮದ ಪ್ರಕಾರ ಶೇ 1.2 ದಾಟಿದರೆ ಮಾತ್ರ ಪ್ರಮಾಣ ಬರೆಯುವುದು ಕಡ್ಡಾಯ, ಹಾಗಾಗಿ ಅಂಕಿ ಕಾಣಿಸಲಿಲ್ಲ ಎಂದ ಮಾತ್ರಕ್ಕೆ ಸೊನ್ನೆ ಎಂದು ತಿಳಿಯಬೇಡಿ. ಕುಡಿತ ಬಿಡಲು ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಧರ್ಮದ ಕಾರಣಕ್ಕೆ ಪೂರ್ತಿ ವರ್ಜಿಸಿದವರು, ಗರ್ಭಿಣಿಯರು ಈ ವ್ಯತ್ಯಾಸವನ್ನು ಹಗುರವಾಗಿ ಕಾಣಬಾರದು. ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೊಂದು ಮಾತು: ಆಲ್ಕೋಹಾಲ್ ಇಲ್ಲ ಎಂದರೆ ಸಕ್ಕರೆ ಇಲ್ಲ ಎಂದಲ್ಲ. ಮಾಲ್ಟ್‌ಬಿಯರ್ ಎಂಬ ಕಪ್ಪು ಪಾನೀಯವಂತೂ ಪಾನಕಕ್ಕಿಂತ ಸಿಹಿ.

ರುಚಿಯ ವಿಷಯದಲ್ಲೂ ಮೋಸ ಹೋಗಬೇಡಿ. ಕೆಲವು ಕಡೆ ಹುದುಗುವುದನ್ನು ನಡುವೆಯೇ ನಿಲ್ಲಿಸಿ ಆಲ್ಕೋಹಾಲ್ ಹೆಚ್ಚದಂತೆ ನೋಡಿಕೊಳ್ಳುತ್ತಾರೆ. ಅಂಥದ್ದು ಬೇಯಿಸಿದ ಜವೆಯ ನೀರಿನಂತೆ ಸಪ್ಪೆ ಸಿಹಿಯಾಗಿರುತ್ತದೆ. ಇನ್ನು ಕೆಲವರು ಪೂರ್ತಿ ಬಿಯರ್ ಮಾಡಿ, ಒತ್ತಡ ತಗ್ಗಿಸಿ, ಕಡಿಮೆ ಶಾಖದಲ್ಲಿ ಆಲ್ಕೋಹಾಲ್ ಆವಿಯಾಗಿಸುತ್ತಾರೆ. ಅದರ ಜೊತೆ ಪರಿಮಳವೂ ಹಾರಿಹೋಗಿ ನೀರುನೀರಾಗುತ್ತದೆ. ಈ ನಷ್ಟವನ್ನು ಚೆನ್ನಾಗಿ ತಾಳಿಕೊಳ್ಳುವುದು ಗೋಧಿಯ ವೈಸ್‌ಬಿಯರ್. ಅದರ ಯೀಸ್ಟ್ ಕೊಡುವ ಬಾಳೆಹಣ್ಣು, ಲವಂಗದ ವಾಸನೆ ಸಾಕಷ್ಟು ಉಳಿಯುತ್ತದೆ. ಮೊದಲ ಸಲ ನೋಡುವವರಿಗೆ ನಮ್ಮ ಶಿಫಾರಸು ಇದೇ. ಗ್ಲಾಸನ್ನು ತಣ್ಣೀರಿನಲ್ಲಿ ತೊಳೆದು, ಓರೆಯಾಗಿ ಹಿಡಿದು ನಿಧಾನವಾಗಿ ಸುರಿಯಿರಿ. ತಳದಲ್ಲಿ ಎರಡು ಬೆರಳಿನಷ್ಟು ಉಳಿದಾಗ ಬಾಟಲಿಯನ್ನು ಗರಗರ ತಿರುಗಿಸಿ, ಯೀಸ್ಟ್ ಗಷ್ಟನ್ನೂ ಸೇರಿಸಿ. ಅದನ್ನು ಬಾಟಲಿಯಲ್ಲೇ ಬಿಟ್ಟರೆ ರುಚಿಯ ಮುಕ್ಕಾಲು ಪಾಲು ಅಲ್ಲೇ ಉಳಿಯುತ್ತದೆ.

ಬಿಯರಿನ ಗೊಡವೆಯೇ ಬೇಡವೆಂದರೆ ಆಪ್ಫೆಲ್‌ಶೋರ್ಲೆ ಕೇಳಿ: ಸೇಬಿನ ರಸಕ್ಕೆ ಸೋಡಾ. ಬರಿಯ ‘ಶೋರ್ಲೆ’ ಎನ್ನಬೇಡಿ, ವೈನಿಗೆ ಸೋಡಾ ಬೆರೆಸಿದ ವೈನ್‌ಶೋರ್ಲೆಯೂ ಅದೇ ಪಟ್ಟಿಯಲ್ಲಿರುತ್ತದೆ. ಶ್ಪೆಟ್ಸಿ ಎಂದರೆ ಕೋಲಾ ಮತ್ತು ಕಿತ್ತಳೆ ಸೋಡಾದ ಮಿಶ್ರಣ, ಮಕ್ಕಳಿಗೆ ಇಷ್ಟ, ಆದರೆ ಕೆಫೀನ್ ಇದೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲೇ ಹುಟ್ಟಿದ ಬಿಯೊನಾಡೆ ಎಂಬ ತಂಪು ಪಾನೀಯ ಅಷ್ಟು ಸಿಹಿಯಲ್ಲ, ನಮಗೆ ಹಿಡಿಸಿದ್ದು ಅದೇ.

ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಅಂಗಡಿಗಳಲ್ಲಿ ಇನ್ನೊಂದು ಬಲೆ ಇರುತ್ತದೆ: ಫೇಡರ್‌ವೈಸರ್. ಮಬ್ಬು ಬಿಳಿ ಬಣ್ಣ, ಕುಡಿದರೆ ತಾಜಾ ದ್ರಾಕ್ಷಿ ರಸದಷ್ಟೇ ಸಿಹಿ. ನಿಜದಲ್ಲಿ ಅದು ಹುದುಗುತ್ತಿರುವ ಹೊಸ ವೈನ್. ಶೇ 4ರಿಂದ ಶುರುವಾಗಿ ಬಾಟಲಿಯಲ್ಲೇ ದಿನದಿನಕ್ಕೆ ಏರುತ್ತಾ ಶೇ 10ರ ಹತ್ತಿರ ಹೋಗುತ್ತದೆ. ಗುರುತು ಹಿಡಿಯುವುದು ಸುಲಭ: ಅನಿಲ ಹೊರಹೋಗಲೆಂದು ಮುಚ್ಚಳ ಬಿಗಿಯಾಗಿರುವುದಿಲ್ಲ, ಅಡ್ಡ ಮಲಗಿಸಿದರೆ ಸೋರುತ್ತದೆ. ರಸ ಬೇಕಿದ್ದರೆ ‘ಟ್ರೌಬೆನ್‌ಸಾಫ್ಟ್’ ಎಂದಿರುವ, ಮುಚ್ಚಳ ಭದ್ರವಾಗಿರುವ ಬಾಟಲಿ ತೆಗೆದುಕೊಳ್ಳಿ.

ದುಡ್ಡಿನ ವಿಷಯ. ಆಲ್ಕೋಹಾಲ್ ಮಾರುವ ಹೋಟೆಲು ಕೊನೆಯ ಪಕ್ಷ ಒಂದು ಆಲ್ಕೋಹಾಲ್ ರಹಿತ ಪಾನೀಯವನ್ನಾದರೂ ಅತಿ ಅಗ್ಗದ ಮದ್ಯಕ್ಕಿಂತ ಹೆಚ್ಚಿನ ಬೆಲೆಗೆ ಮಾರುವಂತಿಲ್ಲ ಎಂಬುದು ಜರ್ಮನಿಯ ಕಾನೂನು. ಹೋಲಿಕೆ ಲೀಟರ್ ಲೆಕ್ಕದಲ್ಲಿ. ಪಟ್ಟಿಯಲ್ಲಿ ಅದನ್ನು ಹುಡುಕಿ, ಹೆಚ್ಚಾಗಿ ಅದು ನೀರೋ ಸೋಡಾವೋ ಆಗಿರುತ್ತದೆ. ಸುಮ್ಮನೆ ನೀರು ಕೇಳಿದರೆ ಸೋಡಾ ನೀರೇ ಬರುವುದು ರೂಢಿ, ಸಾದಾ ಬೇಕಿದ್ದರೆ ‘ಶ್ಟಿಲ್’ ಎನ್ನಿ. ಬಿಯರ್ ಗಾರ್ಡನ್‌ಗಳಲ್ಲಿ ಬಟ್ಟೆ ಹಾಸದ ಮೇಜುಗಳಲ್ಲಿ ಕುಳಿತು ಮನೆಯಿಂದ ತಂದ ಬುತ್ತಿ ತಿನ್ನಬಹುದು, ಚಿತ್ರಾನ್ನದ ಡಬ್ಬಿ ಬಿಚ್ಚಲು ಸಂಕೋಚ ಬೇಡ. ಪಾನೀಯ ಮಾತ್ರ ಅಲ್ಲೇ ಕೊಳ್ಳಬೇಕು.

ಕಾರು ಓಡಿಸುವವರಲ್ಲಿ 21 ತುಂಬದವರಿಗೂ ಹೊಸ ಲೈಸೆನ್ಸಿನ ಮೊದಲ ಎರಡು ವರ್ಷದಲ್ಲಿರುವವರಿಗೂ ಅಲ್ಲಿ ಪೂರ್ಣ ನಿಷೇಧವಿದೆ, ಅರ್ಧ ರಾಡ್ಲರ್ ಕೂಡ ಕೂಡದು.

ಕ್ರಿಸ್‌ಮಸ್ ಸಂತೆಗೆ ಹೋದರೆ ಗ್ಲೂವೈನ್ ಎಂಬ ಬಿಸಿ ಮಸಾಲೆ ವೈನ್ ಬಿಟ್ಟು ‘ಕಿಂಡರ್‌ಪುನ್ಶ್’ ಕೇಳಿ, ಹಣ್ಣಿನ ರಸಕ್ಕೆ ಚಕ್ಕೆ ಲವಂಗ ಹಾಕಿ ಬಿಸಿ ಮಾಡಿದ್ದು. ‘ಮಿಟ್ ಶುಸ್’ ಬೇಕಾ ಎಂದರೆ ಬೇಡ ಎನ್ನಿ, ಅದು ರಮ್ ಸುರಿಯುವ ಮಾತು. ಮಗ್ಗಿಗೆ ಮುಂಗಡ ಹಿಡಿದಿರುತ್ತಾರೆ, ಹಿಂದಿರುಗಿಸಿದರೆ ದುಡ್ಡು ವಾಪಸ್.