ಹಾಸಿ ಹೊದೆಯುವ ಕೌದಿಗೆ ಕಾಣದ ನೈಲಾನ್ ದಾರ ಬೇಡ

ಹಳೆಯ ಸೀರೆ, ಧೋತರಗಳಿಂದ ಕೌದಿ ಹೊಲಿಸಬೇಕೆಂದಿರುವವರು, ಅದರಲ್ಲೂ ಕೂಸಿಗಾಗಿ ಹೊಲಿಸುವವರು, ಬಟ್ಟೆಯನ್ನು ಅಂಗಡಿಗೆ ಕೊಡುವ ಮುನ್ನ ಯಾವ ದಾರ ಬಳಸುತ್ತೀರಿ ಎಂದು ಕೇಳಿ, ಅದರ ರೀಲನ್ನು ಕಣ್ಣಾರೆ ನೋಡಿಕೊಳ್ಳಬೇಕೆಂದು ಕೋರಿ ಇದನ್ನು ಬರೆಯುತ್ತಿದ್ದೇನೆ. ‘ಇನ್‌ವಿಸಿಬಲ್ ದಾರ’, ‘ಟ್ರಾನ್ಸ್‌ಪರೆಂಟ್ ದಾರ’ ಎಂದು ಕರೆಯುವ ಪಾರದರ್ಶಕ ದಾರವು ನೂಲನ್ನು ಹೊಸೆದು ಮಾಡಿದ್ದಲ್ಲ. ಅದು ಮೀನಿನ ಗಾಳಕ್ಕೆ ಕಟ್ಟುವ ತಂಗೂಸಿಯ ಜಾತಿಗೇ ಸೇರಿದ, ಒಂದೇ ಎಳೆಯ ನೈಲಾನ್ ಅಥವಾ ಪಾಲಿಯೆಸ್ಟರ್ ತಂತು. ಎಲ್ಲ ಬಣ್ಣದ ಬಟ್ಟೆಗೂ ಒಂದೇ ರೀಲು ಸಾಲುತ್ತದೆ, ಹೊಲಿಗೆ ಸೊಟ್ಟಗಾದರೂ ಎದ್ದು ಕಾಣುವುದಿಲ್ಲ, ಆದ್ದರಿಂದ ಹೊಲಿಯುವವರಿಗೆ ಅದು ಅನುಕೂಲ. ಆದರೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಮೈಗೆ ತಾಗಿಸಿ ಬಳಸುವ ಹಾಸಿಗೆ ಬಟ್ಟೆಗೆ, ಅದರಲ್ಲೂ ಹಳೆಯ ಹತ್ತಿ ಬಟ್ಟೆಗೆ, ಅದರಿಂದ ಆಗುವ ಹಾನಿಯನ್ನು ನಮ್ಮ ಮನೆಯಲ್ಲಿ ಅನುಭವಿಸಿದ್ದೇವೆ.

ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸಿಗೆ ಹಾಸಲು ನಮ್ಮ ಅವ್ವ ಉಟ್ಟು ಉಟ್ಟು ಮೆತ್ತಗಾದ ಇಳಕಲ್ ಸೀರೆಗಳನ್ನು ತೆಗೆದಿರಿಸಿದ್ದೆ. ನಮಗೆ ಕೌದಿ ಹೊಲಿದುಕೊಡುತ್ತಿದ್ದ ಹಿರಿಯರ ಕಣ್ಣು ಮಂದವಾಗಿದ್ದರಿಂದ, ಊರಿನಲ್ಲಿ ಹೆಸರು ಮಾಡಿದ್ದ ಹೊಲಿಗೆ ಅಂಗಡಿಯೊಂದಕ್ಕೆ ಸೀರೆಗಳನ್ನು ಕೊಟ್ಟು, ಹತ್ತಿಯ ದಾರದಲ್ಲೇ ಹೊಲಿಯಬೇಕೆಂದು ಸ್ಪಷ್ಟವಾಗಿ ಹೇಳಿ ಬಂದೆವು. ಕೌದಿ ತರಲು ಹೋದಾಗ ಅಂಗಡಿಯವರು, ‘ಹೊಲಿಗಿ ಎಲ್ಲೈತಿ ಹುಡುಕ್ರಿ ನೋಡೂಣು ಅಕ್ಕಾರ, ಕಾಣಂಗೇ ಇಲ್ಲ’ ಎಂದು ಅಭಿಮಾನದಿಂದ ಹರವಿ ತೋರಿಸಿದರು. ನಿಜಕ್ಕೂ ಕಾಣುತ್ತಿರಲಿಲ್ಲ. ಕೆಂಪು ದಡಿ, ಕಪ್ಪು ಚೌಕಳಿ, ತೋಪು ತೆನೆ ವಿನ್ಯಾಸದ ರೇಷ್ಮೆಯ ಸೆರಗು, ಎಲ್ಲವೂ ತಾವಾಗಿಯೇ ಒಂದಕ್ಕೊಂದು ಅಂಟಿಕೊಂಡಂತಿದ್ದವು. ಹತ್ತಿಯ ದಾರದ ಬದಲು ನೈಲಾನ್ ಹಾಕಿದ್ದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ. ಮನೆಗೆ ತಂದು ಅಂಗೈ ಆಡಿಸಿದಾಗ ಅಂಚಿನುದ್ದಕ್ಕೂ ಸಣ್ಣಗೆ ಚುಚ್ಚುತ್ತಿದ್ದುದರಿಂದ ನಮಗೇ ತಿಳಿಯಿತು.

ಮೊದಲ ಸಲ ಒಗೆದು ಒಣಗಿಸಿದಾಗ ಕೌದಿಯ ತುಂಬ ಸುಕ್ಕು ಬಿದ್ದಿತ್ತು. ಇದು ನೀರಿನ ದೋಷವಲ್ಲ, ಸೀರೆಯದೂ ಅಲ್ಲ. ನೈಲಾನ್ ಎಳೆದರೆ ಹಿಗ್ಗುತ್ತದೆ. ಯಂತ್ರದ ಟೆನ್ಶನ್ ಬಿಗಿಯಾಗಿದ್ದರೆ ದಾರ ಹಿಗ್ಗಿದ ಸ್ಥಿತಿಯಲ್ಲಿಯೇ ಹೊಲಿಗೆ ಬೀಳುತ್ತದೆ, ಆಮೇಲೆ ಅದು ತನ್ನ ಮೊದಲಿನ ಉದ್ದಕ್ಕೆ ಮರಳುವಾಗ ಬಟ್ಟೆಯನ್ನೂ ಹಿಂಡಿಕೊಂಡು ಬರುತ್ತದೆ. ಕೆಳಗಿನ ದಾರ ಸುತ್ತುವ ಬಾಬಿನ್‌ಗೂ ಇದೇ ದಾರವನ್ನು ಬಿಗಿಯಾಗಿ ಸುತ್ತಿದ್ದರೆ ಮೇಲಿನಿಂದಲೂ ಕೆಳಗಿನಿಂದಲೂ ಸೆಳೆತ. ನಮ್ಮ ಕೌದಿಯಲ್ಲಿ ಆಗಿದ್ದುದು ಅದೇ.

ಸುಕ್ಕನ್ನು ಹೇಗೋ ಸಹಿಸಬಹುದಿತ್ತು, ಬಟ್ಟೆ ಹರಿದದ್ದನ್ನು ಸಹಿಸಲಾಗಲಿಲ್ಲ. ಹೊಲಿಗೆಯ ವಿಷಯದಲ್ಲಿ ತಿಳಿದವರೆಲ್ಲ ಪಾಲಿಸುವ ಒಂದು ನಿಯಮವಿದೆ: ದಾರವು ಬಟ್ಟೆಗಿಂತ ತುಸು ದುರ್ಬಲವಾಗಿರಬೇಕು. ಜಗ್ಗಾಟ ಬಿದ್ದಾಗ ದಾರ ಹರಿದರೆ ಮತ್ತೆ ಹೊಲಿದುಕೊಳ್ಳಬಹುದು, ಆದರೆ ದಾರ ಗಟ್ಟಿಯಾಗಿ ನಿಂತು ಬಟ್ಟೆ ಹರಿದರೆ ಅದನ್ನು ನೇಯ್ದು ಕೂಡಿಸುವವರು ಯಾರು? ಹೊಲಿಗೆಗೆಂದು ಮಾರುವ ಒಳ್ಳೆಯ ಪಾರದರ್ಶಕ ದಾರ ಸುಮಾರು 0.1 ಮಿಲಿಮೀಟರ್ ದಪ್ಪ ಇರುತ್ತದೆ. ಅಷ್ಟು ಸಣ್ಣ, ನುಣುಪಾದ, ಹರಿಯದ ಎಳೆಯು ವರ್ಷಗಟ್ಟಲೆ ಒಗೆದು ಸವೆದ ಹತ್ತಿ ನೂಲಿನ ಮೇಲೆ ಪ್ರತಿ ಮಗ್ಗುಲಾಟಕ್ಕೂ ಗರಗಸದಂತೆ ಆಡುತ್ತದೆ. ಇಳಕಲ್ ಸೀರೆಯಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಕೊಂಡಿ ಹಾಕಿ ಕೂಡಿಸುತ್ತಾರೆ; ಒಡಲಿನ ಒಂದೊಂದು ಎಳೆಯೂ ಸೆರಗಿನ ಎಳೆಗೆ ಕೈಯಿಂದಲೇ ಕೂಡಿಕೊಂಡಿರುತ್ತದೆ. ಆ ಕೂಡಿಕೆಯ ಪಕ್ಕದಲ್ಲಿಯೇ ಯಂತ್ರದ ಹೊಲಿಗೆ ಹಾಯ್ದಿತ್ತು. ಅಲ್ಲಿ ಬಟ್ಟೆ ಬ್ಲೇಡಿನಿಂದ ಗೀರಿದಷ್ಟು ನೇರವಾಗಿ ಬಿಚ್ಚಿಕೊಂಡಿತು, ಮತ್ತು ಬಿರುಕಿನ ನಡುವೆ ನೈಲಾನ್ ದಾರ ಒಂದಿಷ್ಟೂ ಕೆಡದೆ ಹೊಳೆಯುತ್ತ ನಿಂತಿತ್ತು. ನೇಕಾರರ ಮನೆಯ ಅಷ್ಟು ತಾಳ್ಮೆಯ ಕೆಲಸ ಹೀಗೆ ಹಾಳಾದದ್ದನ್ನು ನೋಡಿ ನನಗಾದ ಸಂಕಟವನ್ನು ಮರೆಮಾಚಲಾರೆ.

ಇಸ್ತ್ರಿಯ ಅಪಾಯ ಬೇರೆಯೇ ಇದೆ. ಹತ್ತಿ ಬಟ್ಟೆಗೆಂದು ಇಸ್ತ್ರಿಪೆಟ್ಟಿಗೆಯಲ್ಲಿರುವ ಮೂರು ಚುಕ್ಕಿಯ ಗುರುತು ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯನ್ನು ಸೂಚಿಸುತ್ತದೆ, ಒಂದು ಚುಕ್ಕಿ ಸುಮಾರು 110 ಡಿಗ್ರಿಯನ್ನು. ಸಾಮಾನ್ಯ ಬಳಕೆಯ ‘ನೈಲಾನ್ 6’ ಎಂಬ ಬಗೆ ಕರಗುವುದು ಸುಮಾರು 220 ಡಿಗ್ರಿಗೆ, ಆದರೆ ಅದಕ್ಕೂ ಬಹಳ ಮೊದಲೇ ಅದು ಮೆತ್ತಗಾಗಿ ಬಲ ಕಳೆದುಕೊಳ್ಳುತ್ತದೆ. ಗಾಡಿಯ ಮೇಲಿನ ಕೆಂಡದ ಇಸ್ತ್ರಿಗೆ ಚುಕ್ಕಿಯೂ ಇಲ್ಲ, ಮಿತಿಯೂ ಇಲ್ಲ. ನಮ್ಮ ಕೌದಿಯ ಒಂದು ಮೂಲೆಗೆ ಅಂಥ ಇಸ್ತ್ರಿ ತಾಗಿದಾಗ ಅಲ್ಲಿನ ದಾರ ಕರಗಿ, ಹೊಲಿಗೆ ಬಿಚ್ಚಿ, ತುದಿಗಳೆಲ್ಲ ರವೆಯಷ್ಟು ಸಣ್ಣ ಗಟ್ಟಿ ಗುಂಡುಗಳಾದವು. ಕೆನ್ನೆಗೆ ಒತ್ತಿ ನೋಡಿದರೆ ಗೀರುತ್ತಿದ್ದವು. ಇದಲ್ಲದೆ ನೈಲಾನ್ ಬಿಸಿಲಿಗೆ, ಬಿಸಿಗೆ ಕಾಲಕ್ರಮದಲ್ಲಿ ಹಳದಿಗಟ್ಟಿ ಪೆಡಸಾಗುತ್ತದೆ. ಪಾಲಿಯೆಸ್ಟರ್ ಇವೆರಡನ್ನೂ ಅದಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ.

ನಾನು ಎಲ್ಲಕ್ಕಿಂತ ಹೆಚ್ಚಾಗಿ ಎಚ್ಚರಿಸಬೇಕಾದ ಸಂಗತಿ ಕೂಸಿನದು. ಕರಗಿ ತುಂಡಾದ ಜಾಗದಿಂದ ದಾರದ ಕುಣಿಕೆಯೊಂದು ಮೇಲೆದ್ದಿತ್ತು. ಪಾರದರ್ಶಕವಾದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಒಂದು ಮಧ್ಯಾಹ್ನ ಕೂಸು ಹಾಲು ಕುಡಿಯದೆ, ಎತ್ತಿಕೊಂಡರೂ ಸುಮ್ಮನಾಗದೆ ಅಳತೊಡಗಿದಾಗ ಮಗಳು ಕಾಲ್ಚೀಲ ತೆಗೆದು ನೋಡಿದಳು. ಕಾಲಿನ ಕಿರುಬೆರಳ ಬುಡದಲ್ಲಿ ಎಳೆ ಸುತ್ತಿಕೊಂಡು, ಬೆರಳು ಕೆಂಪಾಗಿ ಬಾತಿತ್ತು. ಚರ್ಮದೊಳಗೆ ಇಳಿಯುವ ಮೊದಲೇ ಸಿಕ್ಕಿದ್ದರಿಂದ ಬಿಡಿಸಲು ಬಂತು, ವೈದ್ಯರಿಗೂ ತೋರಿಸಿದೆವು. ಕೂದಲು ಅಥವಾ ದಾರ ಹೀಗೆ ಕೂಸಿನ ಬೆರಳಿಗೆ ಸುತ್ತಿ ರಕ್ತಸಂಚಾರ ತಡೆಯುವುದು ವೈದ್ಯರಿಗೆ ಗೊತ್ತಿರುವ ತೊಂದರೆಯೇ, ‘ಹೇರ್ ಟೂರ್ನಿಕೆ’ ಎಂದು ಕರೆಯುತ್ತಾರೆ. ಬಿಡಿಸುವುದು ತಡವಾದರೆ ಬೆರಳಿಗೇ ಧಕ್ಕೆ ಬರಬಹುದು. ಕೂದಲಾಗಿದ್ದರೆ ಕೂದಲು ತೆಗೆಯುವ ಕ್ರೀಮಿಗೆ ಕರಗುತ್ತದೆ, ನೈಲಾನ್ ಕರಗದು. ಕೂಸು ಕಾರಣ ತಿಳಿಯದೆ ಅಳುತ್ತಿದ್ದರೆ ಕೈಕಾಲಿನ ಬೆರಳುಗಳನ್ನೆಲ್ಲ ಬೆಳಕಿನಲ್ಲಿ ಬಿಡಿಸಿ ನೋಡಿ. ಎಳೆ ಸುತ್ತಿದ್ದು ಸುಲಭವಾಗಿ ಬರದಿದ್ದರೆ ಮನೆಯಲ್ಲಿ ಕೆದಕುತ್ತ ಕೂಡದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಕೌದಿಯ ಹೊಲಿಗೆಯನ್ನು ಮರೆಸಬೇಕಾದರೂ ಏಕೆ ಎಂಬುದು ನನ್ನ ಪ್ರಶ್ನೆ. ನಮ್ಮ ಕಡೆಯ ಕೌದಿಯಲ್ಲಿ ಪದರಗಳನ್ನು ಹಿಡಿದಿಡುವ ಸಾಲು ಹೊಲಿಗೆಯೇ ಅದರ ಚಂದ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ‘ಕವಂದಿ’ ಎಂದು ಕರೆಯುವ ತಮ್ಮ ಕೌದಿಯನ್ನು ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತಾರೆ, ಮೂಲೆಗಳಲ್ಲಿ ಬಟ್ಟೆಯನ್ನೇ ಮಡಚಿ ‘ಫೂಲ’ ಇಡುತ್ತಾರೆ. ಆ ಎದ್ದು ಕಾಣುವ ಹೊಲಿಗೆಯನ್ನು ನೋಡಲೆಂದೇ ದೂರದವರು ಅದನ್ನು ಕೊಳ್ಳುತ್ತಾರೆ. ಹತ್ತಿಯ ಮೇಲೆ ಹತ್ತಿಯ ದಾರ ಓಡಿದರೆ ಎರಡೂ ಒಟ್ಟಿಗೆ ಸವೆಯುತ್ತವೆ, ಎಲ್ಲಿ ಬಿಚ್ಚಿತೆಂದು ಕಣ್ಣಿಗೆ ಕಾಣುತ್ತದೆ, ಅದೇ ದಿನ ಎರಡು ಹೊಲಿಗೆ ಹಾಕಿ ಸರಿಪಡಿಸಬಹುದು.

ಗೋಡೆಗೆ ತೂಗುಹಾಕುವ, ಒಗೆಯುವ ಗೊಡವೆಯಿಲ್ಲದ ಕಸೂತಿಗೆ ಈ ದಾರ ಬೇಕೇ ಬೇಕೆನ್ನುವವರು ಪಾಲಿಯೆಸ್ಟರಿನದನ್ನು ಆರಿಸಿಕೊಂಡು, ಯಂತ್ರದ ಮೇಲ್ಭಾಗಕ್ಕೆ ಮಾತ್ರ ಅದನ್ನು ಹಾಕಿ, ಬಾಬಿನ್‌ಗೆ ಸಣ್ಣ ಹತ್ತಿ ದಾರ ತುಂಬಿ, ಟೆನ್ಶನ್ ಸಡಿಲಿಸಿ, 9 ಅಥವಾ 11ನೆಯ ನಂಬರಿನ ಸೂಜಿಯಲ್ಲಿ ನಿಧಾನವಾಗಿ ಹೊಲಿಯಲಿ. ರೇಷ್ಮೆ ಸೀರೆಯ ಫಾಲ್‌ಗೆ ಬೇಡವೆಂದೇ ನನ್ನ ಅಭಿಪ್ರಾಯ. ನಡೆಯುವಾಗ ಕಾಲ್ಬೆರಳು ಸಿಕ್ಕಿ ಜಗ್ಗಿದರೆ ಹರಿಯುವುದು ಅಲ್ಲಿಯೂ ರೇಷ್ಮೆಯೇ.

ಅಂಗಡಿಯವರ ಮಾತಿನ ಮೇಲೆ ಅನುಮಾನ ಬಂದರೆ ಒಂದು ತುಂಡು ದಾರವನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ತಾಗಿಸಿ ನೋಡಿ: ಹತ್ತಿಯದಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ನೈಲಾನ್ ಅಥವಾ ಪಾಲಿಯೆಸ್ಟರ್ ಆದರೆ ಹಿಂದಕ್ಕೆ ಸೇದಿಕೊಂಡು ಗಟ್ಟಿ ಗುಂಡಾಗುತ್ತದೆ. ಈಗಾಗಲೇ ಈ ದಾರದಿಂದ ಹೊಲಿದ ಕೌದಿ ಮನೆಯಲ್ಲಿದ್ದರೆ ಅದನ್ನು ಕೂಸಿನ ತೊಟ್ಟಿಲಿನಿಂದ ಇಂದೇ ತೆಗೆಯಿರಿ. ಬಿಚ್ಚುವಾಗ ದಾರವನ್ನು ಒಮ್ಮೆಲೇ ಜಗ್ಗಿದರೆ ಬಟ್ಟೆ ಸೀಳುತ್ತದೆ, ಆದ್ದರಿಂದ ನಾಲ್ಕೈದು ಹೊಲಿಗೆಗೊಮ್ಮೆ ಕತ್ತರಿಸುತ್ತ, ಕೆಳಗೆ ಕಪ್ಪು ಬಟ್ಟೆ ಹಾಸಿಕೊಂಡು ಕುಳಿತರೆ ಬಿದ್ದ ಚೂರುಗಳು ಕಾಣುತ್ತವೆ. ಉಳಿದವನ್ನು ಅಂಟುಪಟ್ಟಿಯಿಂದ ಒತ್ತಿ ತೆಗೆಯಬೇಕು. ಎಷ್ಟೇ ಜಾಗ್ರತೆ ವಹಿಸಿದರೂ ಪದರಗಳ ನಡುವೆ ಒಂದೆರಡು ತುಂಡು ಉಳಿದೇ ಉಳಿಯುತ್ತವೆ. ಹಾಗೆ ಬಿಚ್ಚಿದ ಬಟ್ಟೆಯನ್ನು ಹತ್ತಿಯ ದಾರದಲ್ಲಿ ಮತ್ತೆ ಹೊಲಿಸಿ ದೊಡ್ಡವರು ಬಳಸಬಹುದು, ಕೂಸಿಗೆ ಮಾತ್ರ ಬೇರೆ ಸೀರೆಯದನ್ನೇ ಹೊಲಿಸಿ.